ಗುಳಿಮಂಡಲದ ಕಡಿತಕ್ಕೆ ಪ್ರತಿವಿಷ ಏಕಿಲ್ಲ?

ಪ್ರಶ್ನೆ (ಶಿರಸಿಯಿಂದ): ಕಳೆದ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಹೊರುತ್ತಿದ್ದ ನನ್ನ ತಮ್ಮನಿಗೆ ಉಬ್ಬುಮೂಗಿನ ಗುಳಿಮಂಡಲ ಕಚ್ಚಿತು. ಲಭ್ಯವಿರುವ ಚುಚ್ಚುಮದ್ದು ಈ ವಿಷಕ್ಕೆ ನಾಟುವುದಿಲ್ಲವೆಂದು ವೈದ್ಯರು ಹೇಳಿದರು. ಅವನು ಚೇತರಿಸಿಕೊಂಡಿದ್ದಾನೆ, ಆದರೆ ಹೊಸ ಮದ್ದು ತಯಾರಿಸಲು ಅಡ್ಡಿಯೇನು?

ಉತ್ತರ 1: ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೇ ಹಾವುಗಳ ವಿಷವನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ತಯಾರಿಸುತ್ತಾರೆ. ಗುಳಿಮಂಡಲದ ವಿಷ ಆ ಮಿಶ್ರಣದಲ್ಲಿಲ್ಲ. ಇದು ಗಿಡ್ಡ ಹಾವು, ಒಮ್ಮೆಗೆ ಸಿಗುವ ವಿಷವೂ ಅತ್ಯಲ್ಪ. ಇದರ ಕಡಿತದಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದಾದ್ದರಿಂದ ಇದನ್ನು ಕಡೆಗಣಿಸಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಉತ್ತರ 2 (ಕಾರವಾರದಿಂದ): ಪರೀಕ್ಷೆಯೂ ಕಠಿಣ. ವಿಷ ಮತ್ತು ಮದ್ದನ್ನು ಬೆರೆಸಿ ಮೊದಲು ಇಲಿಗಳಲ್ಲಿ ಸಾಮರ್ಥ್ಯ ಅಳೆಯುತ್ತಾರೆ; ಮನುಷ್ಯರಿಗೆ ಬೇಕೆಂದು ವಿಷ ಕೊಡಲಾಗದ ಕಾರಣ, ಪರಿಣಾಮವನ್ನು ನಿಜವಾಗಿ ಕಚ್ಚಿಸಿಕೊಂಡವರಲ್ಲಿಯೇ ನೋಡಬೇಕು. ಕುದುರೆಯ ಪ್ರೋಟೀನಿನಿಂದ ತೀವ್ರ ಅಲರ್ಜಿ ಆಗಬಹುದಾದ್ದರಿಂದ ಅಡ್ರಿನಲಿನ್ ಸಿದ್ಧವಿರಲೇಬೇಕು. ವಿಷದ ಒಂದು ಮುಖ್ಯ ಕಿಣ್ವವನ್ನು ತಡೆಯುವ ವರೆಸ್‌ಪ್ಲಾಡಿಬ್ ಮಾತ್ರೆಯನ್ನು ಭಾರತ ಮತ್ತು ಅಮೆರಿಕದ ರೋಗಿಗಳಲ್ಲಿ ಪರೀಕ್ಷಿಸಲಾಗಿದೆ.

ಪ್ರಶ್ನೆ ಕೇಳಿದವರು: ಮಾತ್ರೆಯಾದರೆ ಆಸ್ಪತ್ರೆ ತಲುಪುವ ಮೊದಲೇ, ಘಟ್ಟದ ದಾರಿಯಲ್ಲಿಯೇ ಕೊಡಬಹುದಲ್ಲವೇ?

ಉತ್ತರ 2: ಆಶಯ ಅದೇ, ಆದರೆ ಅದು ಚುಚ್ಚುಮದ್ದಿಗೆ ಬದಲಿಯೆಂದು ಇನ್ನೂ ಸಾಬೀತಾಗಿಲ್ಲ.