ಗೆಳತಿ ಜೊತೆ ಮೊದಲ ಸಲ ಮುಂಬೈಗೆ: ಹೋಗಿ ಬಂದವರು ಹೇಳಿ

ನಾನು ಕುಂದಾಪುರದವಳು. ಡಿಗ್ರಿ ಪರೀಕ್ಷೆ ಮುಗಿಯಿತು. ಗೆಳತಿ ಜೊತೆ ಮೂರು ದಿನ ಮುಂಬೈ ನೋಡಿ ಬರುವ ಆಸೆ. ಮತ್ಸ್ಯಗಂಧ ಟ್ರೈನಿಗೆ ಟಿಕೆಟ್ ಆಗಿದೆ, ಭಾನುವಾರ ಬೆಳಿಗ್ಗೆ ತಲುಪುತ್ತೇವೆ. ಅಮ್ಮನಿಗೆ ಲೋಕಲ್ ಟ್ರೈನಿನದ್ದೇ ಹೆದರಿಕೆ. ನಿಮ್ಮ ಅನುಭವ ಹೇಳುತ್ತೀರಾ?

ಶಿರಸಿಯಿಂದ

ತಂಗಿ, ಅಮ್ಮನ ಹೆದರಿಕೆ ಸುಮ್ನೆ ಅಲ್ಲ. ಆದರೆ ಲೋಕಲ್ ಬಿಟ್ಟರೆ ಮುಂಬೈ ನೋಡಿದ ಹಾಗೂ ಅಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ನಾನೂ ಗೆಳತಿಯೂ ಠಾಣೆಯಲ್ಲಿ ನನ್ನ ದೊಡ್ಡಮ್ಮನ ಮನೆಯಲ್ಲಿ ಉಳಿದಿದ್ದೆವು. ಎರಡನೇ ದಿನ ಸಂಜೆ ಆರೂವರೆಗೆ ದಾದರ್‌ನಲ್ಲಿ ವಾಪಸ್ ಟ್ರೈನು ಹಿಡಿಯಲು ನಿಂತೆವು. ಆ ಹೊತ್ತಿಗೆ ಊರಿಗೆ ಊರೇ ಆಫೀಸು ಬಿಟ್ಟು ಉತ್ತರದ ಕಡೆಗೆ ಹೊರಡುತ್ತದೆ. ಟ್ರೈನು ಅರ್ಧ ನಿಮಿಷವೂ ನಿಲ್ಲಲಿಲ್ಲ. ಅವಳು ಹತ್ತಿದಳು, ನಾನು ಕೆಳಗೇ ಉಳಿದೆ. ದುಡ್ಡು, ನನ್ನ ಫೋನು ಎಲ್ಲ ಅವಳ ಚೀಲದಲ್ಲಿ. ಟಿಕೆಟ್ ಮಾತ್ರ ನನ್ನ ಕೈಯಲ್ಲಿತ್ತು.

ಅದು ಫಾಸ್ಟ್ ಟ್ರೈನು, ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುವಂಥದ್ದು. ಮುಂದೆ ಕುರ್ಲಾದಲ್ಲೇ ನಿಲ್ಲುವುದು. ಅವಳು ಅಲ್ಲಿ ಇಳಿದು ಕಾದಳು. ನಾನು ಗಾಬರಿಯಲ್ಲಿ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಟ್ರೈನು ಹತ್ತಿದೆ. ಕುರ್ಲಾದಲ್ಲಿ ಸ್ಲೋ ನಿಲ್ಲುವ ಪ್ಲಾಟ್‌ಫಾರಂ ಬೇರೆ, ಫಾಸ್ಟ್ ನಿಲ್ಲುವುದು ಬೇರೆ. ಇಬ್ಬರೂ ಒಂದೇ ಸ್ಟೇಷನ್ನಿನಲ್ಲಿ ಮುಕ್ಕಾಲು ಗಂಟೆ ಒಬ್ಬರನ್ನೊಬ್ಬರು ಹುಡುಕಿದೆವು. ಕೊನೆಗೆ ನೋಡಿದರೆ ಅವಳು ಟ್ರೈನಿನ ಹೊತ್ತು ತೋರಿಸುವ ಇಂಡಿಕೇಟರ್ ಬೋರ್ಡಿನ ಕೆಳಗೆ ಅಳುತ್ತಾ ನಿಂತಿದ್ದಳು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಅದಕ್ಕೇ ಮನೆಯಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಕೆಳಗೆ ಉಳಿದವಳು ನಿಂತ ಜಾಗ ಬಿಡಬಾರದು. ಹತ್ತಿದವಳು ಮುಂದೆ ಇಳಿದು ವಾಪಸ್ ಬರಬೇಕು. ಇಬ್ಬರೂ ಹುಡುಕಲು ಹೊರಟರೆ ಸಿಗುವುದಿಲ್ಲ. ಫೋನು, ಸ್ವಲ್ಪ ದುಡ್ಡು, ಟಿಕೆಟ್ ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಲೇಡೀಸ್ ಡಬ್ಬಿಗೇ ಹತ್ತಿ, ಡಬ್ಬಿಯ ಮೇಲೆ ಹೆಂಗಸಿನ ಚಿತ್ರ ಇರುತ್ತದೆ. ಇಳಿಯುವ ಸ್ಟೇಷನ್ನಿಗೆ ಮುಂಚೆಯೇ ಬಾಗಿಲ ಹತ್ತಿರ ಬನ್ನಿ, ಪ್ಲಾಟ್‌ಫಾರಂ ಯಾವ ಕಡೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ. ಅಲ್ಲಿನ ಹೆಂಗಸರು ಖಂಡಿತ ಹೇಳುತ್ತಾರೆ. ನನಗೆ ಕುರ್ಲಾದಲ್ಲಿ ಫೋನು ಕೊಟ್ಟವರೂ ಗುರುತಿಲ್ಲದ ಒಬ್ಬ ಹೆಂಗಸೇ.

ಮಾಟುಂಗದಲ್ಲಿ ಹತ್ತು ವರ್ಷ ಇದ್ದವನು

ಊಟಕ್ಕೆ ಒಂದು ದಿನ ಮಾಟುಂಗಕ್ಕೆ ಹೋಗಿ. ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ ಹತ್ತಿರವೇ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆ ಎಲೆ ಊಟ. ಮನೆ ಬಿಟ್ಟು ಎರಡು ದಿನ ಆದ ಮೇಲೆ ಆ ಸಾರು ತಿಂದರೆ ನಿಮಗೇ ಗೊತ್ತಾಗುತ್ತದೆ. 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಕೂಡ ಮಾಟುಂಗದಲ್ಲೇ. ರಸ್ತೆಯಲ್ಲಿ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳುತ್ತವೆ. ದಾರಿ ತಪ್ಪಿದರೆ ಧೈರ್ಯವಾಗಿ ನಮ್ಮ ಭಾಷೆಯಲ್ಲೇ ಕೇಳಿ ನೋಡಿ.

ಫಾಸ್ಟ್ ಟ್ರೈನು ಅಲ್ಲಿ ನಿಲ್ಲುವುದಿಲ್ಲ, ಸ್ಲೋ ಹತ್ತಿ. ಮಾಟುಂಗ ರೋಡ್ ಅನ್ನುವುದು ವೆಸ್ಟರ್ನ್ ಲೈನಿನ ಬೇರೆ ಸ್ಟೇಷನ್. ಇನ್ನೊಂದು ವಿಷಯ, ಬಾಂದ್ರಾ ಮತ್ತು ಸಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ. ಅಲ್ಲಿ ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿ ಹಿಡಿಯಿರಿ, ಮೀಟರ್ ಹಾಕಿಸಿ.

ಹುಬ್ಬಳ್ಳಿಯಿಂದ

ನಮ್ಮಲ್ಲಿ ಜಗಳ ಆಗಿದ್ದು ದುಡ್ಡಿಗಲ್ಲ, ನಿದ್ದೆಗೆ. ನನಗೆ ಬೆಳಿಗ್ಗೆ ಆರಕ್ಕೆ ಮರೀನ್ ಡ್ರೈವ್ ನೋಡಬೇಕು, ಜೊತೆಗೆ ಬಂದ ಗೆಳೆಯನಿಗೆ ಒಂಬತ್ತರವರೆಗೆ ಮಲಗಬೇಕು. ಎರಡು ದಿನ ಮುಖ ಊದಿಸಿಕೊಂಡೆವು. ಮೂರನೇ ದಿನ ನಾನೊಬ್ಬನೇ ಹೋಗಿ ಬಂದೆ, ಆಮೇಲೆ ಇಬ್ಬರೂ ಕೂಡಿ ನಾಷ್ಟಾ ಮಾಡಿದೆವು. ಹಾಗೆ ಮೊದಲೇ ಮಾಡಬಹುದಿತ್ತು. ಲಾಡ್ಜಿಗೆ ಇಬ್ಬರದ್ದೂ ಆಧಾರ್‌ನಂಥ ಒರಿಜಿನಲ್ ಗುರುತಿನ ಚೀಟಿ ಬೇಕು.

ಕುಂದಾಪುರದಿಂದ ಮತ್ತೆ

ಅಕ್ಕ, ಕುರ್ಲಾದ ಮಾತು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಗೆಳತಿಗೇ ಫೋನು ಮಾಡಿ, "ನಿಂತ ಜಾಗ ಬಿಡಬೇಡಿ" ಅಂತ ಹೇಳಿದ್ದಾರೆ. ಇಳಿದ ದಿನವೇ ಎಲಿಫೆಂಟಾ ಗುಹೆ ನೋಡಲು ಹೋಗಬಹುದಾ?

ಶಿರಸಿಯಿಂದ

ಅವತ್ತೇ ಹೋಗಿ, ಸೋಮವಾರ ಗುಹೆ ಮುಚ್ಚಿರುತ್ತದೆ. ಮತ್ಸ್ಯಗಂಧ ನಿಲ್ಲುವುದು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ. ಅಲ್ಲಿಂದ ತಿಲಕ್ ನಗರ್ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಹಾರ್ಬರ್ ಲೈನಿನಲ್ಲಿ ಸೀದಾ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಬರುತ್ತೀರಿ. ಭಾನುವಾರ ಜನ ಕಡಿಮೆ. ಆದರೆ ರಿಪೇರಿಗೆ ಅಂತ ಮೆಗಾಬ್ಲಾಕ್ ಇಟ್ಟು ಟ್ರೈನು ನಿಲ್ಲಿಸುವುದೂ ಭಾನುವಾರವೇ, ಹೆಚ್ಚಾಗಿ ಹನ್ನೊಂದರ ಆಸುಪಾಸಿನಿಂದ. ಅದಕ್ಕೆ ಮುಂಚೆ ಸಿಎಸ್‌ಎಂಟಿ ಮುಟ್ಟಿಬಿಡಿ. ಬ್ಯಾಗು ಲಾಡ್ಜಿನಲ್ಲಿಟ್ಟು ಗೇಟ್‌ವೇ ಆಫ್ ಇಂಡಿಯಾಕ್ಕೆ ಟ್ಯಾಕ್ಸಿ ಹಿಡಿಯಿರಿ. ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ.