ಆಸ್ಟ್ರಿಯಾದಲ್ಲಿ ಆರ್ಕಿಟೆಕ್ಟ್ ಕೆಲಸ: ದೊಡ್ಡ ಆಫೀಸಾ, ಸಣ್ಣ ಸ್ಟುಡಿಯೋನಾ? ಅನುಭವ ಹೇಳಿ

ಹೊಸಬ: ವಿಯೆನ್ನಾದಲ್ಲಿ ಮಾಸ್ಟರ್ಸ್ ಮುಗಿಯುತ್ತಿದೆ. ಬೌಮ್‌ಶ್ಲಾಗರ್ ಎಬರ್ಲೆಗೆ ಅರ್ಜಿ ಹಾಕುವ ಆಸೆ. 1985ರಲ್ಲಿ ದೇಶದ ಪಶ್ಚಿಮ ತುದಿಯ ರಾಜ್ಯ ಫೊರಾರ್ಲ್‌ಬೆರ್ಗಿನ ಲೋಖೌನಲ್ಲಿ ಇಬ್ಬರು ಶುರು ಮಾಡಿದ ಆಫೀಸು ಇವತ್ತು ಎಷ್ಟೋ ದೇಶಗಳಿಗೆ ಹಬ್ಬಿದೆ. ಈ ಕಡೆ ವಿಯೆನ್ನಾದ ಒಂದು ಪುಟ್ಟ ಸ್ಟುಡಿಯೋನೂ ಕರೆದಿದೆ. ಯಾವ ಕಡೆ ಹೋಗಲಿ?

ಪಶ್ಚಿಮದವಳು: ನಾನು ಫೊರಾರ್ಲ್‌ಬೆರ್ಗಿಗೆ ಬಂದಿದ್ದೇ ಅವರ 2226 ಕಟ್ಟಡ ನೋಡಿ. ಲುಸ್ಟೆನೌ, 2013, ಆರು ಮಹಡಿ. ಹೀಟರ್ ಇಲ್ಲ, ಎಸಿ ಇಲ್ಲ. ಎರಡು ಪದರ ಇಟ್ಟಿಗೆಯ ಗೋಡೆ, ಮುಕ್ಕಾಲು ಮೀಟರ್ ದಪ್ಪ. ಕೂತವರ ಮೈಬಿಸಿ, ಕಂಪ್ಯೂಟರು, ದೀಪ ಇವಿಷ್ಟರಿಂದಲೇ ಒಳಗೆ 22ರಿಂದ 26 ಡಿಗ್ರಿ. ಗಾಳಿ ಕೆಟ್ಟರೆ ಸೆನ್ಸರ್ ಕಿಟಕಿ ಪಕ್ಕದ ಹಲಗೆ ತೆರೆಯುತ್ತದೆ. ನನಗೆ ಕೆಲಸ ಸಿಕ್ಕಿದ್ದು ಹತ್ತಿರದ ಇನ್ನೊಂದು ಆಫೀಸಲ್ಲಿ. ಕಿಟಕಿ ಚೌಕಟ್ಟು ಗೋಡೆಗೆ ಕೂರುವ ಜಾಗವನ್ನು ನಿಜ ಅಳತೆಯಲ್ಲೇ ಬರೆದು ಬಡಗಿಯ ಮುಂದೆ ಇಡುತ್ತೇವೆ. ಅವನು ಪೆನ್ಸಿಲಲ್ಲಿ ತಿದ್ದುತ್ತಾನೆ. ನಾನು ಕಲಿತಿದ್ದು ಅಲ್ಲೇ. ಆದರೆ ಖರ್ಚು ಕೇಳಿ: ಮನೆಗೆ ಮೂರು ತಿಂಗಳ ಅಡ್ವಾನ್ಸ್, ಸೈಟಿಗೆ ಓಡಾಡಲು ಹಳೇ ಕಾರು, ಅದರ ಇನ್ಶೂರೆನ್ಸ್, ಚಳಿಗಾಲದ ಟೈರ್ ಬೇರೆ. ಮೊದಲ ವರ್ಷ ಊರಿಗೆ ಹಣ ಕಳಿಸಲು ಆಗಲೇ ಇಲ್ಲ. ಕ್ಲಾಸಲ್ಲಿ ಕಲಿತ ಜರ್ಮನ್ ಸೈಟಿನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ, ಇಲ್ಲಿಯವರ ಮಾತೇ ಬೇರೆ.

ವಿಯೆನ್ನಾ ಹಳಬ: ಗೋಡೆ ಪುರಾಣ ಸಾಕು. ನಾನಿದ್ದ ಆಫೀಸೂ ಬೆಳೆಯುತ್ತಿತ್ತು, ಹೆಸರು ಬೇಡ. ಬೆಳೆದಷ್ಟೂ ಕೆಲಸ ಗಿಟ್ಟಿಸಲು ವಿನ್ಯಾಸ ಸ್ಪರ್ಧೆಗಳು ಜಾಸ್ತಿ. ವಾರಗಟ್ಟಲೆ ರಾತ್ರಿ ಕೂತು ಮಾಡೆಲ್ ಕತ್ತರಿಸುವುದು, ಎರಡನೇ ಬಹುಮಾನ ಬಂತು ಅಂತ ಒಂದು ಮೇಲ್, ಮತ್ತೆ ಇನ್ನೊಂದು ಸ್ಪರ್ಧೆ. ಕಾಂಟ್ರಾಕ್ಟ್ ಆಲ್-ಇನ್, ಓವರ್‌ಟೈಮಿಗೆ ಬೇರೆ ಕಾಸಿಲ್ಲ. ಬಿಟ್ಟು ಹೋಗೋಣ ಅಂದರೆ ರೆಡ್-ವೈಟ್-ರೆಡ್ ಕಾರ್ಡ್, ಅಂದರೆ ಹೊರದೇಶದವರ ಕೆಲಸ-ವಾಸದ ಪರವಾನಗಿ, ಆ ಕಂಪನಿಗೇ ಕಟ್ಟಿಹಾಕಿರುತ್ತದೆ. ಆರ್ಕಿಟೆಕ್ಟ್ ಲೈಸೆನ್ಸ್ ಪರೀಕ್ಷೆಗೆ ಮೂರು ವರ್ಷದ ಅನುಭವ ಬೇಕು. ಸೈಟನ್ನೇ ತೋರಿಸದಿದ್ದರೆ ಆ ಪರೀಕ್ಷೆಯಲ್ಲಿ ಏನಂತ ಬರೆಯಲಿ?

ಮರದವನು: ಇಟ್ಟಿಗೆ ಹೊಗಳುವವರು ಅದನ್ನು ಸುಡಲು ಎಷ್ಟು ಇಂಧನ ಬೇಕು ಅಂತಲೂ ಹೇಳಲಿ. ಪಕ್ಕದ ಡಾರ್ನ್‌ಬಿರ್ನ್‌ಗೆ ಹೋಗಿ ಆರ್ಕಿಟೆಕ್ಟ್ ಹರ್ಮನ್ ಕೌಫ್‌ಮನ್ ಅವರ ಎಲ್‌ಸಿಟಿ ಒನ್ ಕಟ್ಟಡ ನೋಡಿ. 2012ರಲ್ಲೇ ಮರದಲ್ಲಿ ಎಂಟು ಮಹಡಿ! ಭಾಗಗಳನ್ನು ಫ್ಯಾಕ್ಟರಿಯಲ್ಲಿ ಮಾಡಿ ತಂದು ಜೋಡಿಸಿದ್ದು. ನಾನು ಮರದ ಕೆಲಸಕ್ಕೆ ಬಂದಿದ್ದು ಅರ್ಧ ಸಂಬಳಕ್ಕೆ. ಇವತ್ತಿಗೂ ಹೆಮ್ಮೆ ಇದೆ.

ಪಶ್ಚಿಮದವಳು: ಪೂರ್ತಿ ಮರ ಅನ್ನಬೇಡಿ. ಎಲ್‌ಸಿಟಿಯ ಲಿಫ್ಟು, ಮೆಟ್ಟಿಲಿನ ಭಾಗ ಕಾಂಕ್ರೀಟ್. ಮಹಡಿಗಳಲ್ಲೂ ಮರದ ಜೊತೆ ಕಾಂಕ್ರೀಟ್ ಇದೆ. 2226ರಲ್ಲಿ ಬಾಯ್ಲರೇ ಇಲ್ಲ, ಇನ್ನು ಇಪ್ಪತ್ತು ವರ್ಷಕ್ಕೆ ಕಿತ್ತು ಹೊಸದು ಹಾಕುವ ಮಾತೆಲ್ಲಿ?

ಮರದವನು: ಜನ ಇಲ್ಲದ ಚಳಿ ದಿನ ದೀಪ ಹಚ್ಚಿ ಬಿಸಿ ಮಾಡುತ್ತಾರಲ್ಲ, ಅದೇನು? ಹೀಟರೇ ಅಲ್ವಾ?

ಪಶ್ಚಿಮದವಳು: ದೀಪ ಹೇಗೂ ಬೇಕಾಗಿದ್ದದ್ದು. ಅದಕ್ಕೆ ಬೇರೆ ಪೈಪು, ಪಂಪು ಹಾಕಿಲ್ಲ. ನೋಡದೆ ಸುಮ್ನೆ ಮಾತಾಡಬೇಡಿ.

ಮರದವನು: ನೋಡಿದ್ದೇನೆ. ನಿಮಗಿಂತ ಮೊದಲೇ.

ವಿಯೆನ್ನಾ ಹಳಬ: ಹುಡುಗನ ಹೊಟ್ಟೆಪಾಡಿನ ಪ್ರಶ್ನೆ ಇದು. ಹೊಸಬ, ಕಾಂಟ್ರಾಕ್ಟಲ್ಲಿ ಆಲ್-ಇನ್ ಅಂತಿದ್ದರೆ ಸಹಿ ಹಾಕಲೇಬೇಡ.

ಪಶ್ಚಿಮದವಳು: ನನ್ನದೂ ಆಲ್-ಇನ್ನೇ. ಸಂಜೆ ಆರಕ್ಕೆ ಮನೆಯಲ್ಲಿರುತ್ತೇನೆ. ನಿಮ್ಮ ಬಾಸ್ ಸರಿ ಇರಲಿಲ್ಲ ಅಂತ ಎಲ್ಲರನ್ನೂ ಹೆದರಿಸಬೇಡಿ.

ವಿಯೆನ್ನಾ ಹಳಬ: ಒಳ್ಳೇ ಬಾಸ್ ಸಿಕ್ಕಿದ್ದು ನಿಮ್ಮ ಅದೃಷ್ಟ. ಅದನ್ನೇ ಸಲಹೆ ಅಂತ ಕೊಡಬೇಡಿ.