ಅಜ್ಜನ ಮೆಡಲ್ ಇದೆ, ಕಾಗದ ಇಲ್ಲ. ಅಜ್ಜಿಗೆ ಏನಾದರೂ ಸಿಗುತ್ತಾ?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ):
ನಮಸ್ಕಾರ ಸರ್. ನಮ್ಮಜ್ಜ ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸಿಪಾಯಿ ಆಗಿದ್ದರು. 1971ರ ಯುದ್ಧದಲ್ಲಿದ್ದರು. ಎಂಟು ವರ್ಷ ಸೇವೆ ಮಾಡಿ ಊರಿಗೆ ಬಂದು ಗದ್ದೆ, ತೋಟ ನೋಡಿಕೊಂಡರು. ಪಿಂಚಣಿ ಇರಲಿಲ್ಲ. ಹೋದ ವರ್ಷ ತೀರಿಕೊಂಡರು. ಅಜ್ಜಿಗೆ ಈಗ 74. ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಗೆದ್ದಲು ತಿಂದಿದೆ. ಟ್ರಂಕಿನಲ್ಲಿ ಒಂದು ಮೆಡಲ್ ಮಾತ್ರ ಉಳಿದಿದೆ. ಪೇಟೆಯಲ್ಲಿ ಒಬ್ಬರು ಹದಿನೈದು ಸಾವಿರ ಕೊಟ್ಟರೆ ಪಿಂಚಣಿ ಮಾಡಿಸಿಕೊಡ್ತೀನಿ ಅಂದರು. ಕೊಡಬಹುದಾ?

ಉತ್ತರ (ನಿವೃತ್ತ ಸುಬೇದಾರ್, ಸೈನಿಕ ಕಲ್ಯಾಣ ಕಚೇರಿಯಲ್ಲಿ ವೆಲ್ಫೇರ್ ಆರ್ಗನೈಸರ್ ಆಗಿದ್ದವರು):
ಒಂದು ರೂಪಾಯಿನೂ ಕೊಡಬೇಡಿ. ಸಿಪಾಯಿಗೆ ಸರ್ವಿಸ್ ಪಿಂಚಣಿ ಬರಬೇಕಾದರೆ 15 ವರ್ಷ ಸೇವೆ ಆಗಿರಬೇಕು. ಎಂಟು ವರ್ಷಕ್ಕೆ ಯಾರೂ ಮಾಡಿಸಿಕೊಡಲಾರರು.

ಆದರೆ ಅಜ್ಜಿಗೆ ಬೇರೆ ದಾರಿ ಇದೆ. ಕಚೇರಿಯಲ್ಲಿ ನಾವದನ್ನು ಪೆನ್ಯೂರಿ ಗ್ರಾಂಟ್ ಅಂತೀವಿ. ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಹಣ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೆ. ಮೊದಲು ತಿಂಗಳಿಗೆ 4,000 ಇತ್ತು, 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 8,000. ಡಿಸೆಂಬರ್ 7ರ ಧ್ವಜ ದಿನಕ್ಕೆ ಶಾಲೆಯಲ್ಲಿ ಪುಟ್ಟ ಬಾವುಟ ಕೊಟ್ಟು ದುಡ್ಡು ತಗೊಳ್ತಾರಲ್ವಾ, ಆ ನಿಧಿಯಿಂದಲೇ ಇದೆಲ್ಲ ಬರುವುದು. ನಿಮ್ಮಜ್ಜ ಬದುಕಿದ್ದಾಗಲೇ ಇದಕ್ಕೆ ಅರ್ಜಿ ಹಾಕಬಹುದಿತ್ತು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತೆ. ಮಲೆನಾಡಿನ ಒಂಟಿಮನೆಗಳಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ.

ಈಗ ಮೆಡಲ್ ತೆಗೆಯಿರಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ! ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಅಂಚನ್ನು ತಿರುಗಿಸಿ ನೋಡಿ. ನಾಣ್ಯದ ಅಂಚಿನ ಹಾಗಿರುವ ಆ ಸಣ್ಣ ಜಾಗದಲ್ಲಿ ಸೈನಿಕನ ಸರ್ವಿಸ್ ನಂಬರ್, ದರ್ಜೆ, ಹೆಸರು ಕೆತ್ತಿರುತ್ತಾರೆ. ನಮಗೆ ಬೇಕಾಗಿರುವುದು ಆ ನಂಬರ್.

ಪ್ರಶ್ನೆ ಕೇಳಿದವರು:
ಸರ್, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಏಳು ಅಂಕಿ ಕಾಣ್ತಿದೆ! ಆದರೆ ಹೆಸರು ಬರೀ ‘ಪುಟ್ಟಪ್ಪ’ ಅಂತಿದೆ. ಆಧಾರ್‌ನಲ್ಲಿ ಪುಟ್ಟಪ್ಪಗೌಡ.

ಉತ್ತರ:
ಅರ್ಧ ಕೆಲಸ ಆಯ್ತು. ಸ್ಯಾಪರ್ಸ್‌ನ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲೇ ಇದೆ. ಪಿಂಚಣಿ ಇಲ್ಲದವರ ಕಡತ 25 ವರ್ಷ ಆದ ಮೇಲೆ ಇಡುವುದಿಲ್ಲ, ಆದರೆ ಸೇವೆ ಮಾಡಿದವರ ಹೆಸರು ಬರೆದಿಡುವ ಲಾಂಗ್ ರೋಲ್ ಅಂತ ದೊಡ್ಡ ರಿಜಿಸ್ಟರ್ ಇರುತ್ತೆ, ಅದನ್ನು ನಾಶ ಮಾಡುವುದಿಲ್ಲ. ಅಜ್ಜನ ಸಾಲು ಅದರಲ್ಲಿ ಸಿಗುತ್ತೆ. ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯಿಂದಲೇ ಅಲ್ಲಿಗೆ ಪತ್ರ ಬರೆಸಿ. ಹೆಸರಿನ ವ್ಯತ್ಯಾಸ ತೀರ ಸಾಮಾನ್ಯ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಡಬೇಕು. ಆಮೇಲೆ ಅಜ್ಜಿಗೆ ವಿಧವೆಯರ ಗುರುತಿನ ಚೀಟಿ, ನಂತರ ಆನ್‌ಲೈನ್ ಅರ್ಜಿ. ಮರಣ ಪತ್ರ, ಆಧಾರ್, ಪಾಸ್‌ಬುಕ್ ತನ್ನಿ. ಅಜ್ಜಿಗೆ ಸಂಧ್ಯಾ ಸುರಕ್ಷಾ ಏನಾದರೂ ಬರುತ್ತಿದ್ದರೆ ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ.

ಇನ್ನೊಬ್ಬರು (ಸಾಗರದಿಂದ):
ಇಂಥವರ ಹೆಸರನ್ನು ಊರಲ್ಲಿ ಎಲ್ಲಾದರೂ ಹಾಕಿಸಬಹುದಾ ಸರ್?

ಉತ್ತರ:
ಒಳ್ಳೆಯ ಪ್ರಶ್ನೆ. ಸ್ಮಾರಕದ ಕಲ್ಲಿನ ಮೇಲೆ ಹುತಾತ್ಮರ ಹೆಸರು ಇರುತ್ತೆ, ಇರಲೇಬೇಕು. ಯುದ್ಧ ಮುಗಿಸಿ ಬಂದು ನೇಗಿಲು ಹಿಡಿದವನ ಹೆಸರು ಎಲ್ಲೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಿ, ಶಾಲೆಯ ಗೋಡೆ ಮೇಲೆ ಒಂದು ಬೋರ್ಡ್ ಹಾಕಿಸಿ. ಡಿಸೆಂಬರ್ 16ರ ವಿಜಯ ದಿವಸಕ್ಕೆ ಉದ್ಘಾಟನೆ ಇಟ್ಟುಕೊಳ್ಳಿ. ಕಚೇರಿಯಿಂದ ಯಾರನ್ನಾದರೂ ಕರೆಯಿರಿ, ಅಲ್ಲಿರುವವರೂ ಹೆಚ್ಚಿನವರು ನಮ್ಮ ಹಾಗೆ ಸಮವಸ್ತ್ರ ಹಾಕಿದವರೇ.

ಹೊಸನಗರದವರೇ, ಈ ಮಳೆಯಲ್ಲಿ ಅಜ್ಜಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬರಬೇಡಿ. ಮೊದಲು ನೀವೊಬ್ಬರೇ ಕಚೇರಿಗೆ ಹೋಗಿ ಬನ್ನಿ. ಮೆಡಲ್ ಮನೆಯಲ್ಲೇ ಇರಲಿ, ಅಂಚಿನ ಫೋಟೋ ಸಾಕು.